ಆಟದ ಮಧ್ಯೆ ಬೀಪ್: ಮೊದಲು ಬಿಸಿ ನೋಡಿ

ಎಂಟು ವರ್ಷದ ಕಂಪ್ಯೂಟರ್ ಆಟ ಆಡುವಾಗ ಬೀಪ್ ಅಂತ ಕೂಗುತ್ತದೆ, ರ‍್ಯಾಮ್ (ಕಂಪ್ಯೂಟರ್‌ನ ತಾತ್ಕಾಲಿಕ ಮೆಮೊರಿ) ಬದಲಿಸಬೇಕಾ ಅಂತ ಕೇಳಿದ್ದೀರಿ. ಆನ್ ಮಾಡುವಾಗ ಸುಮ್ಮನಿದ್ದು, ಆಟ ಶುರುವಾದ ಇಪ್ಪತ್ತು ನಿಮಿಷಕ್ಕೆ ಬೀಪ್ ಬರುತ್ತಿದೆ ಅಂದರೆ ಬಹುಮಟ್ಟಿಗೆ ಪ್ರೊಸೆಸರ್ (ಮುಖ್ಯ ಚಿಪ್) ಬಿಸಿಯಾಗುತ್ತಿದೆ. ಎಂಟು ವರ್ಷದ ಕಂಪ್ಯೂಟರ್ ಅಲ್ವಾ, ಪ್ರೊಸೆಸರ್ ಬಿಸಿಯನ್ನು ಅದರ ಮೇಲಿನ ಲೋಹದ ಹೀಟ್‌ಸಿಂಕ್‌ಗೆ ದಾಟಿಸುವ ಥರ್ಮಲ್ ಪೇಸ್ಟ್ ಒಣಗಿರಬೇಕು. ನನ್ನದರಲ್ಲೂ ಇದೇ ಆಗಿತ್ತು. ರ‍್ಯಾಮ್ ಕೆಟ್ಟಿದ್ದರೆ ಸಾಮಾನ್ಯವಾಗಿ ಆನ್ ಮಾಡಿದಾಗಲೇ ಕೂಗುತ್ತದೆ. ಸುಮ್ನೆ ಹೊಸ ರ‍್ಯಾಮ್ ತರಬೇಡಿ.

ಮೊದಲು ಶಬ್ದ ಕ್ಯಾಬಿನೆಟ್‌ನಿಂದಲೇ ಬರುತ್ತಿದೆಯಾ ಅಂತ ಕಿವಿಗೊಟ್ಟು ಕೇಳಿ. ಯುಪಿಎಸ್ ಇದ್ದರೆ, ಲೋಡ್ ಜಾಸ್ತಿಯಾದಾಗ ಅದೂ ಕೂಗುತ್ತದೆ. ಕ್ಯಾಬಿನೆಟ್‌ನದ್ದೇ ಆದರೆ ಎಚ್‌ಡಬ್ಲ್ಯೂಮಾನಿಟರ್ ಅನ್ನೋ ತಾಪ ತೋರಿಸುವ ಪ್ರೋಗ್ರಾಂ ಹಾಕಿಕೊಂಡು, ಆಡುವಾಗ ಪ್ರೊಸೆಸರ್ ತಾಪ ಎಷ್ಟಿದೆ ನೋಡಿ. 90 ಡಿಗ್ರಿ ದಾಟಿದರೆ ಬಿಸಿಯೇ ಕಾರಣ.

ಆಫ್ ಮಾಡಿ, ವೈರ್ ತೆಗೆದು, ಧೂಳು ಊದಿ. ಊದುವಾಗ ಫ್ಯಾನ್ ರೆಕ್ಕೆ ತಿರುಗದಂತೆ ಬೆರಳಲ್ಲಿ ಹಿಡಿದಿರಿ. ಇಷ್ಟಕ್ಕೇ ಸರಿಹೋಗಬಹುದು. ಇಲ್ಲದಿದ್ದರೆ ಪೇಸ್ಟ್ ಬದಲಿಸಿ. ಅದಕ್ಕೆ ಮುಂಚೆ ಹತ್ತು ನಿಮಿಷ ಕಂಪ್ಯೂಟರ್ ಓಡಿಸಿ ಆಫ್ ಮಾಡಿ, ಪೇಸ್ಟ್ ಸ್ವಲ್ಪ ಮೆತ್ತಗಾಗುತ್ತದೆ. ಆಮೇಲೆ ಹೀಟ್‌ಸಿಂಕ್ ಬಿಚ್ಚಿ, ಮೆಲ್ಲಗೆ ಆಚೀಚೆ ತಿರುಗಿಸಿ ಎತ್ತಿ. ನೇರವಾಗಿ ಎಳೆಯಲೇಬೇಡಿ. ಎಎಂಡಿ ಕಂಪನಿಯ ಪ್ರೊಸೆಸರ್ ಕೂರುವ ಕೆಲವು ಬೋರ್ಡ್‌ಗಳಲ್ಲಿ ಪ್ರೊಸೆಸರ್ ಕೂಡ ಜೊತೆಗೆ ಕಿತ್ತು ಬಂದು ಪಿನ್ ಬಾಗುತ್ತದೆ. ಹಳೇ ಪೇಸ್ಟನ್ನು ಐಸೊಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಒರೆಸಿ, ಬಟಾಣಿ ಕಾಳಿನಷ್ಟು ಹೊಸದು ಹಾಕಿ.

ತಾಪ 70ರ ಆಸುಪಾಸಿನಲ್ಲೇ ಇದ್ದು ಬೀಪ್ ಬಂದರೆ ನನ್ನ ಊಹೆ ತಪ್ಪು. ಆಗ ಬಯಾಸ್‌ನಲ್ಲಿ ಫ್ಯಾನ್ ವೇಗ ನೋಡಿ (ಬಯಾಸ್ ಅಂದರೆ ಕಂಪ್ಯೂಟರ್ ಆನ್ ಆಗುವಾಗ, ವಿಂಡೋಸ್‌ಗೂ ಮುಂಚೆ ತೆರೆಯಬಹುದಾದ ಸೆಟ್ಟಿಂಗ್ ಪುಟ). ಪ್ರೊಸೆಸರ್ ಫ್ಯಾನ್ ಎದುರು ಸೊನ್ನೆ ಇದ್ದರೆ ಅದರ ವೈರ್ ಸರಿಯಾಗಿ ಕೂತಿದೆಯಾ ನೋಡಿ, ಕೂತಿದ್ದರೆ ಫ್ಯಾನ್ ಬದಲಿಸಿ.