ಮುಚ್ಚಿಹೋದ ರೈಡಿಗಾಗಿ ಮರುಗುವವರ ಪರವಾಗಿ

ಓದುಗರ ಪತ್ರ: ಫ್ಲಾರಿಡಾದ ಡಿಸ್ನಿ ಪಾರ್ಕಿನಲ್ಲಿ ದೋಣಿಯಲ್ಲಿ ಕುಳಿತು ನೀರಿಗೆ ಧುಮುಕುವ 'ಸ್ಪ್ಲಾಶ್ ಮೌಂಟನ್' ರೈಡನ್ನು 2023ರ ಜನವರಿಯಲ್ಲಿ ಮುಚ್ಚಿದಾಗ, ಅದರ ನೀರು ಎಂದು ಹೇಳಿ ಜಾಡಿಗಳನ್ನು ಇಂಟರ್‌ನೆಟ್ಟಿನಲ್ಲಿ ಮಾರಾಟಕ್ಕಿಟ್ಟರಂತೆ. ಯಂತ್ರವೊಂದು ಹಳತಾದರೆ ಹೊಸತು ಬರುತ್ತದೆ. ಇದಕ್ಕೆಲ್ಲ ಬೆಳೆದವರು ಅಳುವುದೇ? ಅಷ್ಟೊಂದು ನೆನಪಾದರೆ ವಿಡಿಯೊ ನೋಡಿಕೊಳ್ಳಲಿ.

ಸಂಪಾದಕರ ಉತ್ತರ: ನಿಮ್ಮ ಮಾತಿನಲ್ಲಿ ಒಪ್ಪಬೇಕಾದದ್ದನ್ನು ಮೊದಲೇ ಒಪ್ಪಿಬಿಡುತ್ತೇನೆ. ಪಾರ್ಕಿನ ಜಾಗ ಸೀಮಿತ, ನಿರ್ವಹಣೆಯ ಖರ್ಚು ದೊಡ್ಡದು, ಹೊಸ ಮಕ್ಕಳಿಗೆ ಹೊಸ ಕತೆಗಳೂ ಬೇಕು. ಸ್ಪ್ಲಾಶ್ ಮೌಂಟನ್ನಿನ ವಿಷಯದಲ್ಲಂತೂ ಬದಲಾವಣೆಗೆ ನ್ಯಾಯವಾದ ಕಾರಣವೇ ಇತ್ತು. ಅದರ ಪಾತ್ರಗಳು ಬಂದದ್ದು ಕಪ್ಪು ಜನರ ಬದುಕನ್ನು ಹುಸಿಯಾಗಿ ಚಿತ್ರಿಸಿದ 1946ರ ಒಂದು ಚಲನಚಿತ್ರದಿಂದ. ಆದರೆ ನೀರಿನ ಜಾಡಿಯನ್ನು ಮುಂದಿಟ್ಟುಕೊಂಡು ಇಡೀ ಹಂಬಲವನ್ನೇ ನಗೆಪಾಟಲು ಮಾಡುವುದು ನಿಮ್ಮಂಥ ಗಮನವಿಟ್ಟು ಓದುವವರಿಗೆ ಒಪ್ಪುವ ಮಾತಲ್ಲ.

ಅದೇ ಫ್ಲಾರಿಡಾದಲ್ಲಿ ಡಿಸ್ನಿಯವರದೇ ಆದ ಎಪ್ಕಾಟ್ ಪಾರ್ಕಿನಲ್ಲಿ 1983ರ ಅಕ್ಟೋಬರ್ 1ರಂದು 'ಹೊರೈಜನ್ಸ್' ಎಂಬ ರೈಡ್ ಆರಂಭವಾಯಿತು. ಮೇಲಿನ ಹಳಿಗೆ ತೂಗುಹಾಕಿದ ಆಸನಗಳು ಪಕ್ಕಕ್ಕೆ ಮುಖಮಾಡಿ ನಿಧಾನವಾಗಿ ಸಾಗುತ್ತಿದ್ದವು. ಹಿಂದಿನ ಕಾಲದವರು ನಾಳೆಯನ್ನು ಹೇಗೆಲ್ಲ ಊಹಿಸಿದ್ದರು ಎಂಬುದನ್ನು ಮೊದಲು ತೋರಿಸಿ, ಆಮೇಲೆ ನಗರದಲ್ಲಿ, ಮರುಭೂಮಿಯಲ್ಲಿ, ಸಮುದ್ರದಲ್ಲಿ, ಅಂತರಿಕ್ಷದಲ್ಲಿ ಚದುರಿ ಬಾಳುವ ಒಂದೇ ಕುಟುಂಬದ ಕತೆಯನ್ನು ಅದು ಹೇಳುತ್ತಿತ್ತು. ಮರುಭೂಮಿಯ ತೋಟದ ಎದುರು ಆಸನ ಬಂದಾಗ ಕಿತ್ತಳೆಯ ಪರಿಮಳ ಮೂಗಿಗೆ ಬಡಿಯುತ್ತಿತ್ತು. ಅದನ್ನು ಆ ಜಾಗದಲ್ಲಿ ಬೇಕೆಂದೇ ಗಾಳಿಗೆ ಬಿಡುತ್ತಿದ್ದರು. ಕೊನೆಗೆ ಆಸನದ ಮುಂದಿನ ಗುಂಡಿ ಒತ್ತಿ, ಮರಳಿ ಬರುವ ದಾರಿ ಅಂತರಿಕ್ಷದ್ದೋ, ಮರುಭೂಮಿಯದೋ, ಸಮುದ್ರದ್ದೋ ಎಂದು ಕುಳಿತವರೇ ಆರಿಸಬೇಕಿತ್ತು. ಒಂದು ಮನೆಯವರು ತಮ್ಮೊಳಗೇ ಮತ ಹಾಕಿ, ಬಹುಮತಕ್ಕೆ ತಲೆಬಾಗಿ ಮುಂದಕ್ಕೆ ಸಾಗುವ ಇಂಥ ಆಟವನ್ನು ಆ ಕಾಲಕ್ಕೆ ಕಲ್ಪಿಸಿದವರ ಬಗ್ಗೆ ನನಗೆ ಅಪಾರ ಗೌರವವಿದೆ.

ಪ್ರಾಯೋಜಕರಾದ ಜನರಲ್ ಎಲೆಕ್ಟ್ರಿಕ್ ಕಂಪನಿಯ ಒಪ್ಪಂದ 1993ರಲ್ಲಿ ಮುಗಿಯಿತು. ಮರುವರ್ಷದ ಕೊನೆಗೆ ರೈಡ್ ನಿಂತಿತು. ಅಕ್ಕಪಕ್ಕದ ಆಕರ್ಷಣೆಗಳ ದುರಸ್ತಿ ನಡೆದಿದ್ದ ಕಾರಣ 1995ರಲ್ಲಿ ಮತ್ತೆ ತೆರೆದರು. 1999ರ ಜನವರಿ 9ರಂದು ಶಾಶ್ವತವಾಗಿ ಮುಚ್ಚಿ, ಮುಂದಿನ ವರ್ಷ ಕಟ್ಟಡವನ್ನೇ ಕೆಡವಿದರು. ಆ ಜಾಗದಲ್ಲಿ 2003ರಲ್ಲಿ ಬಂದ 'ಮಿಷನ್: ಸ್ಪೇಸ್' ಗಿರಗಿರನೆ ತಿರುಗಿಸುವ ಯಂತ್ರ. ಅದರ ಸಾಲಿನಲ್ಲಿ ನಿಂತವರಿಗೆ ಕಾಣುವ ದೊಡ್ಡ ಚಕ್ರದ ನಡುವೆ ಹೊರೈಜನ್ಸ್‌ನ ಲಾಂಛನವನ್ನು ಉಳಿಸಿದ್ದಾರೆ. ಹದಿನೈದು ವರ್ಷ ಜನರನ್ನು ಕನಸಿಗೆ ಹಚ್ಚಿದ ಕೃತಿಗೆ ಅಲ್ಲಿ ಸಂದ ಗೌರವ ಇಷ್ಟು.

ಇನ್ನೊಂದು ಸಂಗತಿಯನ್ನು ನೀವು ಗಮನಿಸಬೇಕು. 'ಕನಸು ಕಾಣಬಲ್ಲೆವಾದರೆ ಅದನ್ನು ಮಾಡಲೂ ಬಲ್ಲೆವು' ಎಂಬ ಮಾತು ವಾಲ್ಟ್ ಡಿಸ್ನಿಯವರ ಹೆಸರಿನಲ್ಲಿ ಎಷ್ಟು ಭಾಷಣಗಳಲ್ಲಿ, ಎಷ್ಟು ಗೋಡೆಗಳ ಮೇಲೆ ಮೆರೆಯುತ್ತಿದೆ! ವಾಲ್ಟ್ ತೀರಿಕೊಂಡದ್ದು 1966ರಲ್ಲಿ. ಆ ವಾಕ್ಯವನ್ನು ಟಾಮ್ ಫಿಟ್ಜ್‌ಜೆರಾಲ್ಡ್ ಎಂಬ ವಿನ್ಯಾಸಕಾರರು ಬರೆದದ್ದು ಹೊರೈಜನ್ಸ್‌ಗಾಗಿ. ರೈಡ್ ಅಳಿಯಿತು, ಮಾತು ಉಳಿಯಿತು, ಬರೆದವರ ಹೆಸರು ಬದಿಗೆ ಸರಿಯಿತು.

ಅಭಿಮಾನಿಗಳು ಮೂಲೆಯಲ್ಲಿ ಕುಳಿತು ಅತ್ತರು ಎಂದೂ ಭಾವಿಸಬೇಡಿ. ಅಲ್ಲೇ ಮ್ಯಾಜಿಕ್ ಕಿಂಗ್‌ಡಮ್ ಪಾರ್ಕಿನಲ್ಲಿ 1971ರಿಂದ ಓಡುತ್ತಿದ್ದ 'ಮಿಸ್ಟರ್ ಟೋಡ್ಸ್ ವೈಲ್ಡ್ ರೈಡ್' ಮುಚ್ಚಲಿದೆ ಎಂಬ ಸುದ್ದಿ ಬಂದಾಗ ಅವರು ಹಸಿರು ಅಂಗಿ ತೊಟ್ಟು ಪಾರ್ಕಿನೊಳಗೇ ಶಾಂತವಾಗಿ ಪ್ರತಿಭಟಿಸಿದರು. ಆದರೂ 1998ರ ಸೆಪ್ಟೆಂಬರಿನಲ್ಲಿ ಅದು ನಿಂತಿತು. ಅದರ ಜಾಗಕ್ಕೆ ಬಂದ, ವಿನ್ನಿ ದ ಪೂ ಎಂಬ ಕರಡಿಯ ಕತೆಯ ರೈಡಿನೊಳಗೆ, ಹಳೆಯ ರೈಡಿನ ನಾಯಕನಾದ ಕಪ್ಪೆ ಟೋಡ್ ಮಹಾಶಯನು ಪೂ ಕತೆಯ ಗೂಬೆಗೆ ಆಸ್ತಿಪತ್ರವನ್ನು ಹಸ್ತಾಂತರಿಸುವ ಚಿತ್ರವೊಂದಿದೆ. ಆ ಚಿತ್ರ ಬರೆದವರಿಗೂ ಹಳೆಯದರ ಮೇಲೆ ಮಮತೆ ಇದ್ದಿರಬೇಕೆಂದು ನಾನು ನಂಬುತ್ತೇನೆ.

ಹಳೆಯ ರೈಡನ್ನು ಉಳಿಸುವುದು ಆಗದ ಮಾತೆನ್ನುತ್ತೀರಾ? ಪೆನ್ಸಿಲ್ವೇನಿಯಾದ ಆಲ್ಟೂನಾದಲ್ಲಿ 1902ರ 'ಲೀಪ್ ದ ಡಿಪ್ಸ್' ಎಂಬ ಮರದ ರೋಲರ್ ಕೋಸ್ಟರ್ ಇದೆ. 1985ರಲ್ಲಿ ನಿಂತುಹೋಗಿದ್ದ ಅದಕ್ಕೆ 1996ರಲ್ಲಿ ರಾಷ್ಟ್ರೀಯ ಐತಿಹಾಸಿಕ ಹೆಗ್ಗುರುತಿನ ಮಾನ್ಯತೆ ಸಿಕ್ಕಿತು, 1999ರಲ್ಲಿ ಅದು ಮತ್ತೆ ಓಡಿತು. ಹೊರೈಜನ್ಸ್ ಮುಚ್ಚಿದ್ದೂ ಅದೇ ವರ್ಷ. ಕೋನಿ ಐಲೆಂಡಿನ 1927ರ 'ಸೈಕ್ಲೋನ್' ರೋಲರ್ ಕೋಸ್ಟರ್ ಕೂಡ ನ್ಯೂಯಾರ್ಕ್ ನಗರದ ಅಧಿಕೃತ ಹೆಗ್ಗುರುತು. ಮರದ ಹಳಿಗೆ ಸಿಕ್ಕ ಮನ್ನಣೆ ಕತೆ ಹೇಳುವ ರೈಡಿಗೆ ಏಕಿಲ್ಲ? ಶಿಲ್ಪ, ಬೆಳಕು, ಸಂಗೀತ, ಯಂತ್ರವಿದ್ಯೆ ಎಲ್ಲವೂ ಕೂಡಿ ಹುಟ್ಟಿದ ಕೃತಿಯನ್ನು ಮಕ್ಕಳ ಸಾಮಾನೆಂದು ತಳ್ಳಿಹಾಕುವ ವಿದ್ಯಾವಂತರ ತಾತ್ಸಾರವೇ ಇದಕ್ಕೆ ಕಾರಣ, ಮತ್ತು ಆ ತಾತ್ಸಾರ ನಿಮ್ಮ ಪತ್ರದಲ್ಲೂ ಇಣುಕಿದೆ. ಸಿನಿಮಾಗಳಿಗೆ ಸಂಗ್ರಹಾಲಯಗಳಿವೆ, ಪುಸ್ತಕಗಳಿಗೆ ಗ್ರಂಥಾಲಯಗಳಿವೆ. ರೈಡನ್ನಾದರೋ ಬಿಚ್ಚಿ ಗುಜರಿಗೆ ಹಾಕಿದರೂ ಕೇಳುವವರಿಲ್ಲ.

ವಿಡಿಯೊ ನೋಡಿಕೊಳ್ಳಲಿ ಎಂದಿರಿ. ಇಂದು ನಮಗೆ ಸಿಗುವ ಹೊರೈಜನ್ಸ್ ವಿಡಿಯೊಗಳಲ್ಲಿ ಬಹುಪಾಲು ನೀವು ಗೇಲಿ ಮಾಡುವ ಅದೇ ಅಭಿಮಾನಿಗಳು ಕತ್ತಲಲ್ಲಿ ಕ್ಯಾಮೆರಾ ಹಿಡಿದು ಚಿತ್ರಿಸಿಕೊಂಡವು. ಅವುಗಳಲ್ಲಿ ಕಿತ್ತಳೆಯ ಪರಿಮಳವಿಲ್ಲ, ಒತ್ತಲು ಗುಂಡಿಯೂ ಇಲ್ಲ. ಎಲ್ಲ ರೈಡನ್ನೂ ಉಳಿಸಿ ಎಂದು ನಾನು ಕೇಳುತ್ತಿಲ್ಲ. ಕೆಡವುವ ಮುನ್ನ ಪ್ರತಿಯೊಂದು ದೃಶ್ಯವನ್ನೂ ಒಳ್ಳೆಯ ಬೆಳಕಿನಲ್ಲಿ ಚಿತ್ರೀಕರಿಸಿ, ನಕ್ಷೆ, ಧ್ವನಿಮುದ್ರಿಕೆ, ಒಂದೆರಡು ಆಸನ, ಆ ಪರಿಮಳದ ಸೂತ್ರ, ದುಡಿದವರ ಹೆಸರುಗಳ ಪಟ್ಟಿ ಇವನ್ನೆಲ್ಲ ಸಾರ್ವಜನಿಕ ವಸ್ತುಸಂಗ್ರಹಾಲಯಕ್ಕೆ ಒಪ್ಪಿಸಲಿ. ಹೊಸ ರೈಡ್ ಕಟ್ಟುವ ಖರ್ಚಿನ ಮುಂದೆ ಇದು ಲೆಕ್ಕಕ್ಕೇ ಬಾರದ ಮೊತ್ತ.