ಅಮ್ಮ ಬರಲಾಗದ ಬಾಣಂತನ: ಇಂಗ್ಲೆಂಡಿನ ಲೆಸ್ಟರ್‌ಗೆ ಹೊಸದಾಗಿ ಬಂದ ತಂಗಿಗೆ

"ಗಂಡನ ಸ್ಕಿಲ್ಡ್ ವರ್ಕರ್ ವೀಸಾದ ಮೇಲೆ ಹೋದ ತಿಂಗಳು ಲೆಸ್ಟರ್‌ಗೆ ಬಂದೆ. ಐದು ತಿಂಗಳ ಬಸುರಿ. ಅಪ್ಪನಿಗೆ ಡಯಾಲಿಸಿಸ್ ನಡೀತಿದೆ, ಅಮ್ಮ ಬರೋ ಹಾಗಿಲ್ಲ. ಇಲ್ಲಿ ಯಾರೂ ಗೊತ್ತಿಲ್ಲ. ಏನಾದ್ರೂ ಆದ್ರೆ ನಮಗೆ ಯಾರಿದ್ದಾರೆ ಅಕ್ಕ?" ಅಂತ ಕೇಳಿದ್ದೀಯ.

ಇದ್ದಾರೆ ತಂಗಿ. ಬಸುರಿ ಬಾಣಂತಿಯರನ್ನು ನೋಡಿಕೊಳ್ಳುವುದೇ ಕೆಲಸವಾಗಿರುವ ಜನ ಇಲ್ಲಿದ್ದಾರೆ. ಆದರೆ ಊರಿನ ಅಜ್ಜಿ, ಚಿಕ್ಕಮ್ಮಂದಿರ ಹಾಗೆ ಮುಖ ನೋಡಿಯೇ "ಯಾಕೆ, ರಾತ್ರಿ ನಿದ್ದೆ ಮಾಡಲಿಲ್ವಾ?" ಅಂತ ಕೇಳುವವರಲ್ಲ. ನೀನು ಬಾಯಿಬಿಟ್ಟು ಹೇಳಿದಷ್ಟೇ ಅವರಿಗೆ ಗೊತ್ತಾಗುವುದು. ಇದನ್ನು ಅರ್ಥ ಮಾಡಿಕೊಂಡರೆ ಉಳಿದದ್ದು ಸುಲಭ.

ಜಿಪಿ, ಅಂದರೆ ಏರಿಯಾದ ಡಾಕ್ಟರ್ ಹತ್ತಿರ ಹೆಸರು ಬರೆಸಿದ್ದೀಯಾ? ಇಲ್ಲದಿದ್ದರೆ ನಾಳೆಯೇ ಹೋಗು. ಮನೆ ಬಾಡಿಗೆ ಪತ್ರ ಇನ್ನೂ ಕೈಗೆ ಬಂದಿಲ್ಲ ಅಂತ ಕಾಯಬೇಡ, ವಿಳಾಸದ ಪುರಾವೆ ಇಲ್ಲ ಅನ್ನುವ ಒಂದೇ ಕಾರಣಕ್ಕೆ ಅವರು ವಾಪಸ್ ಕಳಿಸುವಂತಿಲ್ಲ. ಹಾಗೇ ಮಿಡ್‌ವೈಫ್, ಅಂದರೆ ಬಸುರಿ ಬಾಣಂತಿಯರನ್ನು ನೋಡಿಕೊಳ್ಳುವ ಸೂಲಗಿತ್ತಿ ನರ್ಸ್ ಹತ್ತಿರವೂ ಹೆಸರು ಬರೆಸು. ಇಲ್ಲಿನವರು ಅದನ್ನು ಮೂರು ತಿಂಗಳೊಳಗೇ ಮಾಡಿಕೊಂಡಿರುತ್ತಾರೆ. ಊರಿನಲ್ಲಿ ಮಾಡಿಸಿದ ಸ್ಕ್ಯಾನ್, ರಕ್ತಪರೀಕ್ಷೆ ಕಾಗದಗಳನ್ನೆಲ್ಲ ಒಂದು ಫೈಲಿನಲ್ಲಿ ತಗೊಂಡು ಹೋಗು. ವೀಸಾ ಜತೆಗೆ ಒಬ್ಬೊಬ್ಬರಿಗೂ ವರ್ಷಕ್ಕೆ 1,035 ಪೌಂಡ್ ಹೆಲ್ತ್ ಸರ್‌ಚಾರ್ಜ್ ಕಟ್ಟಿದ್ದೀರಲ್ವಾ, ಹೆರಿಗೆ ಖರ್ಚು ಅದರಲ್ಲೇ ಬಂತು. ಹೆರಿಗೆಯಾಗಿ 12 ತಿಂಗಳವರೆಗೆ ನಿನಗೆ ಔಷಧಿಯೂ ಎನ್‌ಎಚ್‌ಎಸ್ (ಇಲ್ಲಿನ ಸರ್ಕಾರಿ ಆರೋಗ್ಯ ಸೇವೆ) ಹಲ್ಲಿನ ಡಾಕ್ಟರೂ ಫ್ರೀ. ಅದಕ್ಕೊಂದು ಸರ್ಟಿಫಿಕೇಟ್ ಬೇಕು, ಮಿಡ್‌ವೈಫ್‌ನೇ ಕೇಳು.

ನಿನ್ನ ವೀಸಾದಲ್ಲಿ 'ನೋ ರಿಕೋರ್ಸ್ ಟು ಪಬ್ಲಿಕ್ ಫಂಡ್ಸ್' ಅಂತ ಒಂದು ಸಾಲು ಇರುತ್ತೆ, ಅಂದರೆ ಪಟ್ಟಿಯಲ್ಲಿರುವ ಕೆಲವು ಸರ್ಕಾರಿ ನೆರವುಗಳನ್ನು ನೀವು ಪಡೆಯುವಂತಿಲ್ಲ. ಅದನ್ನು ಓದಿ ಎಷ್ಟೋ ಜನ ಸರ್ಕಾರದ ಯಾವ ಬಾಗಿಲನ್ನೂ ತಟ್ಟುವುದಿಲ್ಲ. ಚೈಲ್ಡ್ ಬೆನಿಫಿಟ್ (ಮಕ್ಕಳಿಗೆಂದು ಕೊಡುವ ಹಣ), ಯೂನಿವರ್ಸಲ್ ಕ್ರೆಡಿಟ್ (ಆದಾಯ ಕಡಿಮೆ ಇರುವವರಿಗೆ ಕೊಡುವ ಹಣ), ಕೌನ್ಸಿಲ್ ಮನೆ ಇವು ನಿಮಗಿಲ್ಲ, ನಿಜ. ಗಂಡನ ಕೆಲಸ ಹೋದರೂ ಇವು ಯಾವುವೂ ಕೈಹಿಡಿಯುವುದಿಲ್ಲ ಅಂತಲೇ ಅರ್ಥ. ತೆರಿಗೆ ಕಟ್ಟಿಸಿಕೊಂಡು ಹೀಗೆ ಮಾಡುವುದು ನನ್ನ ಪ್ರಕಾರ ಅನ್ಯಾಯ. ಹಾಗಾಗಿ ಮೂರು ತಿಂಗಳ ಬಾಡಿಗೆಯಷ್ಟು ದುಡ್ಡು ಮುಟ್ಟದೆ ಪಕ್ಕಕ್ಕಿಡಿ. ಆದರೆ ಆಸ್ಪತ್ರೆ, ಮಿಡ್‌ವೈಫ್, ಮನೆಗೆ ಬಂದು ತಾಯಿ ಮಗುವನ್ನು ನೋಡುವ ನರ್ಸ್ ಆದ ಹೆಲ್ತ್ ವಿಸಿಟರ್, ಮುಂದೆ ಮಗುವಿನ ಸ್ಕೂಲು, ಮೂರು ವರ್ಷ ತುಂಬಿದ ಮೇಲೆ ನರ್ಸರಿಯಲ್ಲಿ ವಾರಕ್ಕೆ 15 ಗಂಟೆ, ಇವು ಯಾವುವೂ ಆ ಪಟ್ಟಿಯಲ್ಲಿಲ್ಲ. ಬಳಸಿಕೊಂಡರೆ ವೀಸಾಗೆ ತೊಂದರೆಯಿಲ್ಲ.

ಹೆರಿಗೆ ಸುಸೂತ್ರವಾದರೆ ಮಾರನೇ ದಿನವೇ, ಕೆಲವು ಸಲ ಅದೇ ದಿನ ಮನೆಗೆ ಕಳಿಸಿಬಿಡುತ್ತಾರೆ. ಊರಿನಲ್ಲಿ ಹೇಳಿದರೆ ನಂಬಲ್ಲ! ಮೊದಲ ಹತ್ತು ದಿನ ಮಿಡ್‌ವೈಫ್ ಕಣ್ಣಿಟ್ಟಿರುತ್ತಾಳೆ, ಮಧ್ಯೆ ಮನೆಗೂ ಬರುತ್ತಾಳೆ. ಆಮೇಲೆ, 10ರಿಂದ 14ನೇ ದಿನದೊಳಗೆ, ಹೆಲ್ತ್ ವಿಸಿಟರ್. ಮಗುವನ್ನು ಬರೀ ಮೈಯಲ್ಲಿ ತೂಗಿ, ಕೆಂಪು ರಟ್ಟಿನ ಪುಸ್ತಕದಲ್ಲಿ ಬರೆದು, ನಿನ್ನ ಕಡೆ ತಿರುಗಿ "ನೀನು ಹೇಗಿದ್ದೀಯ?" ಅನ್ನುತ್ತಾಳೆ. ನಮ್ಮವರೆಲ್ಲ ಇಲ್ಲಿ ಒಂದೇ ಉತ್ತರ ಕೊಡುವುದು. ಫೈನ್. ಟೀ ಕುಡೀತೀರಾ?

ಆ ಭೇಟಿಯಲ್ಲೋ ಮುಂದಿನದರಲ್ಲೋ ಬಾಣಂತಿಗೆ ಖಿನ್ನತೆ ಇದೆಯಾ ಅಂತ ತಿಳಿಯಲು ಹತ್ತು ಪ್ರಶ್ನೆಗಳ ಒಂದು ಹಾಳೆಯೂ ಬರಬಹುದು. 1987ರಲ್ಲಿ ಸ್ಕಾಟ್ಲೆಂಡ್‌ನಲ್ಲಿ ತಯಾರಾದದ್ದು, ಎಡಿನ್‌ಬರಾ ಸ್ಕೇಲ್ ಅನ್ನುತ್ತಾರೆ. ಕಳೆದ ಏಳು ದಿನ ನಗು ಬಂತಾ, ಸುಮ್ಸುಮ್ನೆ ಭಯ ಆಯ್ತಾ, ಅಳು ಬಂತಾ ಅಂತೆಲ್ಲ ಕೇಳುತ್ತೆ. ಕೊನೆಯದು, ನಿನಗೆ ನೀನೇ ಏನಾದರೂ ಮಾಡಿಕೊಳ್ಳಬೇಕು ಅನ್ನಿಸಿತಾ ಅಂತ. ಹೌದು ಅಂದರೆ ಮಗುವನ್ನು ಕಿತ್ತುಕೊಂಡು ಹೋಗುತ್ತಾರೆ ಅಂತ ಹೆದರಿ ಹೆಂಗಸರು ಸುಳ್ಳು ಹೇಳುತ್ತಾರೆ. ಆದರೆ ಖಿನ್ನತೆ ತೀರಾ ಹೆಚ್ಚಾದಾಗಲೂ ತಾಯಿಯನ್ನೂ ಮಗುವನ್ನೂ ಒಟ್ಟಿಗೇ ದಾಖಲು ಮಾಡಿಕೊಳ್ಳುವ ವಾರ್ಡುಗಳೇ ಇಲ್ಲಿವೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲೂ ಅಂಥದ್ದೇ ಒಂದು ಇದೆ. ಅಂದರೆ ಇದು ಬಿಳಿಯರ ಕಾಯಿಲೆ ಏನಲ್ಲ. ಸರಿಯಾಗಿ ನೋಡಿಕೊಂಡ ಬಾಣಂತಿಗೂ ಬರುತ್ತೆ.

ಇಂಗ್ಲಿಷಿನಲ್ಲಿ ಇದನ್ನೆಲ್ಲ ಹೇಳಲು ಕಷ್ಟ ಅನ್ನಿಸಿದರೆ ಕನ್ನಡ ಇಂಟರ್‌ಪ್ರಿಟರ್ ಬೇಕು ಅಂತ ಮುಂಚೆಯೇ ಕೇಳು. ಫೋನಿನಲ್ಲಿ ಹಾಕಿಕೊಡುತ್ತಾರೆ, ದುಡ್ಡಿಲ್ಲ. ಗಂಡನನ್ನು ಮಧ್ಯೆ ಕೂರಿಸಿಕೊಳ್ಳಬೇಡ. ಅವನು ಎಷ್ಟೇ ಒಳ್ಳೆಯವನಾದರೂ ಅವನ ಎದುರು ಆಡಲಾಗದ ಮಾತು ಇದ್ದೇ ಇರುತ್ತೆ. ಮಿಡ್‌ವೈಫ್ ಕೂಡ ಒಂದು ಸಲವಾದರೂ ನಿನ್ನೊಬ್ಬಳ ಹತ್ತಿರವೇ ಮಾತಾಡುತ್ತಾಳೆ, ಮನೆಯಲ್ಲಿ ಹೊಡೆತ, ಹೆದರಿಕೆ ಇದೆಯಾ ಅಂತ ಕೇಳುತ್ತಾಳೆ. ಬೇಜಾರು ಮಾಡಿಕೊಳ್ಳಬೇಡ, ಎಲ್ಲರನ್ನೂ ಕೇಳುವುದು. ನಿನಗೆ ಬೇಕಾಗದಿರಲಿ, ಆದರೂ ಬರೆದಿಟ್ಟುಕೋ: 0808 2000 247, ಹಗಲು ರಾತ್ರಿ ನಡೆಯುವ ಉಚಿತ ಸಹಾಯವಾಣಿ. ಮಾತಾಡಲೂ ಆಗದ ಸಮಯದಲ್ಲಿ ಮೊಬೈಲಿನಿಂದ ಇಲ್ಲಿನ ತುರ್ತು ನಂಬರ್ 999ಕ್ಕೆ ಮಾಡಿ, ಕೇಳಿದಾಗ 55 ಒತ್ತಿದರೆ ಪೊಲೀಸರಿಗೆ ಕೊಡುತ್ತಾರೆ.

ಗಂಡನಿಗೆ ಪಿತೃತ್ವ ರಜೆ ಎರಡು ವಾರ. ಎರಡನ್ನೂ ಒಟ್ಟಿಗೇ ತಗೋಬೇಕು ಅಂತಿಲ್ಲ. ಸಂಬಳ ಸಿಗಲು ಕೆಲಸಕ್ಕೆ ಸೇರಿ ಇಷ್ಟು ವಾರ ಆಗಿರಬೇಕು ಅಂತ ಷರತ್ತಿದೆ, ಎಚ್‌ಆರ್ ಹತ್ತಿರ ಈಗಲೇ ಕೇಳಲಿ.

ಇನ್ನು ಜೊತೆಗೊಬ್ಬರು ಬೇಕಲ್ಲ. ಹೋಮ್-ಸ್ಟಾರ್ಟ್ ಅಂತ ಒಂದು ಸಂಸ್ಥೆ ಇದೆ, 1973ರಲ್ಲಿ ಶುರುವಾಗಿದ್ದೇ ನಿಮ್ಮ ಲೆಸ್ಟರ್‌ನಲ್ಲಿ. ಮಕ್ಕಳನ್ನು ಬೆಳೆಸಿದ ಅನುಭವವಿರುವ ಸ್ವಯಂಸೇವಕರು ವಾರಕ್ಕೊಮ್ಮೆ ಒಂದೆರಡು ಗಂಟೆ ಮನೆಗೆ ಬಂದು ಕೂರುತ್ತಾರೆ. ನಿಮ್ಮ ಏರಿಯಾಕ್ಕೆ ಸಿಗುತ್ತಾರಾ ಅಂತ ಹೆಲ್ತ್ ವಿಸಿಟರ್‌ನ ಕೇಳು. ಕನ್ನಡದವರ ವಾಟ್ಸಾಪ್ ಗುಂಪಿಗೂ ಸೇರು, ತೊಟ್ಟಿಲು, ಕಾರ್ ಸೀಟು ಪುಕ್ಕಟೆ ಸಿಗುತ್ತೆ. ಸಂಸಾರದ ಗುಟ್ಟು ಮಾತ್ರ ಅಲ್ಲಿ ಹಾಕಬೇಡ. ಸಂಜೆಯೊಳಗೆ ದಾವಣಗೆರೆ ತಲುಪಿರುತ್ತೆ.

ಅಂಟು, ಸಬ್ಬಸಿಗೆ ಬೀಜ, ಒಣಕೊಬ್ಬರಿಗೆ ಗುಜರಾತಿ ಅಂಗಡಿಗಳಿರುವ ಬೆಲ್‌ಗ್ರೇವ್ ರೋಡಿಗೆ ಹೋಗು. ಗುಜರಾತಿ ಬಾಣಂತಿಯರೂ ತಿನ್ನುವುದು ಅದನ್ನೇ, 'ಗುಂದರ್', 'ಸುವಾ' ಅಂತ ಕೇಳಿದರೆ ತೆಗೆದುಕೊಡುತ್ತಾರೆ. ಮಗುವಿಗೆ ವರ್ಷ ತುಂಬುವ ತನಕ ಜೇನುತುಪ್ಪ ಮಾತ್ರ ನೆಕ್ಕಿಸಬೇಡ, ಫೋನಿನಲ್ಲಿ ಯಾರು ಎಷ್ಟೇ ಹೇಳಲಿ. ಸಾಂಬ್ರಾಣಿ ಹೊಗೆಯನ್ನೂ ಬಿಟ್ಟುಬಿಡು. ಮಗುವಿನ ಉಸಿರಿಗೂ ಒಳ್ಳೆಯದಲ್ಲ, ಫ್ಲ್ಯಾಟಿನ ಅಲಾರಂ ಹೊಡೆದುಕೊಂಡರೆ ಇಡೀ ಕಟ್ಟಡದವರು ಚಳಿಯಲ್ಲಿ ರಸ್ತೆಗೆ ಬಂದು ನಿಲ್ಲಬೇಕಾಗುತ್ತೆ.