ಓದಲೋ, ನಡೆಯಲೋ?

ದಾವಣಗೆರೆಯ ಓದುಗರೊಬ್ಬರು ಬರೆದಿದ್ದಾರೆ: "ನನಗೆ 38 ವರ್ಷ. ಸಹಕಾರಿ ಬ್ಯಾಂಕೊಂದರಲ್ಲಿ ಗುಮಾಸ್ತೆ. ಬೆಳಿಗ್ಗೆ 10ಕ್ಕೆ ಕೂತರೆ ಏಳುವುದು ಸಂಜೆ 6ಕ್ಕೆ. ಸೊಂಟ ಹಿಡಿದುಕೊಳ್ಳುತ್ತದೆ, ಊಟ ಆದ ಮೇಲೆ ಕಣ್ಣು ಎಳೆಯುತ್ತದೆ. ಎಲ್ಲರೂ ವಾಕಿಂಗ್ ಹೋಗಿ ಅಂತಾರೆ. ಆದರೆ ನನ್ನದು ಅಂತ ಸಿಗುವುದು ಬೆಳಗಿನ ಒಂದು ಗಂಟೆ. ಬಡ್ತಿ ಪರೀಕ್ಷೆಗೆ ಆಗಲೇ ಓದಬೇಕು. ವ್ಯಾಯಾಮದಿಂದ ಕೆಲಸದಲ್ಲಿ ನಿಜಕ್ಕೂ ಉಪಯೋಗ ಇದೆಯಾ, ಸುಮ್ನೆ ಹೇಳುವ ಮಾತಾ?"

ಉಪಯೋಗ ಇದೆ. ಆ ಒಂದು ಗಂಟೆಯಲ್ಲಿ ಅರ್ಧ ಗಂಟೆ ನಡಿಗೆಗೆ ಕೊಡಿ. ಓದು ಕೆಡುವುದಿಲ್ಲ.

ವಾಕಿಂಗ್ ಮಾಡಿದರೆ ಬಡ್ತಿ ಸಿಗುತ್ತದೆ ಅಂತ ನಾನು ಹೇಳಲಾರೆ. ಬಡ್ತಿಗೆ ಸೀನಿಯಾರಿಟಿ ಬೇಕು, ಖಾಲಿ ಹುದ್ದೆ ಬೇಕು, ಮೇಲಿನವರ ಮನಸ್ಸೂ ಬೇಕು. ಆದರೆ ಮಧ್ಯಾಹ್ನ 3 ಗಂಟೆಗೆ ಲೆಕ್ಕದ ಮುಂದೆ ಕೂತಾಗ ತಲೆ ಎಷ್ಟು ಚುರುಕಾಗಿರುತ್ತದೆ ಅನ್ನುವುದರಲ್ಲಿ ನಿಮ್ಮ ಕೈಯೂ ಇದೆ.

ಕೂತು ಮಾಡುವ ಕೆಲಸದ ಮಾತು ಬಂದಾಗಲೆಲ್ಲ ನನಗೆ ಲಂಡನ್ನಿನ ಬಸ್ಸುಗಳು ನೆನಪಾಗುತ್ತವೆ. ಜೆರಿ ಮಾರಿಸ್ ಎಂಬ ವೈದ್ಯರು ಅಲ್ಲಿನ ಡಬಲ್ ಡೆಕ್ಕರ್ ಬಸ್ಸುಗಳ ಡ್ರೈವರ್ ಮತ್ತು ಕಂಡಕ್ಟರ್‌ಗಳನ್ನು ಹೋಲಿಸಿ ನೋಡಿದರು. ಒಂದೇ ಬಸ್ಸು, ಹೆಚ್ಚುಕಡಿಮೆ ಒಂದೇ ಥರದ ಮನೆತನದವರು. ಡ್ರೈವರ್ ಇಡೀ ದಿನ ಸೀಟಿನಲ್ಲಿ. ಕಂಡಕ್ಟರ್ ಟಿಕೆಟ್ ಕೊಡಲು ಮಹಡಿಗೆ ಹತ್ತಿ ಇಳಿದು, ದಿನಕ್ಕೆ 500ಕ್ಕೂ ಜಾಸ್ತಿ ಮೆಟ್ಟಿಲು ಹತ್ತುತ್ತಿದ್ದ. 1953ರಲ್ಲಿ ಫಲಿತಾಂಶ ಅಚ್ಚಾಯಿತು: ಹೃದಯದ ಕಾಯಿಲೆ ಕಂಡಕ್ಟರ್‌ಗಳಲ್ಲಿ ತುಂಬಾ ಕಡಿಮೆ. ಅಂಚೆ ಇಲಾಖೆಯಲ್ಲೂ ಹಾಗೇ, ಕಾಗದ ಹಂಚುತ್ತ ತಿರುಗುವ ಪೋಸ್ಟ್‌ಮನ್‌ಗಿಂತ ಒಳಗೆ ಕೂತ ಗುಮಾಸ್ತರಿಗೆ ಜಾಸ್ತಿ. ಮಾರಿಸ್ ಅಲ್ಲಿಗೇ ಬಿಡಲಿಲ್ಲ. ಬಸ್ ನೌಕರರ ಯೂನಿಫಾರ್ಮಿನ ಅಳತೆ ತರಿಸಿ ನೋಡಿದರು. ಡ್ರೈವರ್‌ಗಳ ಪ್ಯಾಂಟಿನ ಸೊಂಟದ ಸುತ್ತಳತೆ ಕೆಲಸಕ್ಕೆ ಸೇರುವಾಗಲೇ ಹೆಚ್ಚಿತ್ತು! ಅಂದರೆ ವ್ಯತ್ಯಾಸವೆಲ್ಲ ಸೀಟಿನಿಂದಲೇ ಬಂದದ್ದಲ್ಲ. ತನ್ನ ವಾದಕ್ಕೆ ಅಡ್ಡ ಬರುವುದನ್ನೂ ಮುಚ್ಚಿಡದೆ ಬರೆದರು ಅಂತಲೇ ನನಗೆ ಅವರ ಮೇಲೆ ಗೌರವ.

ಇನ್ನು ಓದಿನ ವಿಷಯ. 2011ರಲ್ಲಿ ಅಮೆರಿಕದ ಸಂಶೋಧಕರು 55 ದಾಟಿದ 120 ಜನರ ಮೇಲೆ ಮಾಡಿದ ಅಧ್ಯಯನ ಪ್ರಕಟವಾಯಿತು. ಅರ್ಧ ಜನ ವಾರಕ್ಕೆ 3 ದಿನ 40 ನಿಮಿಷ ಬಿರುಸಾಗಿ ನಡೆದರು. ಉಳಿದವರು ಮೈ ಚಾಚುವ ಸಣ್ಣ ವ್ಯಾಯಾಮ ಮಾಡಿದರು. ವರ್ಷ ಕಳೆದಾಗ ನಡೆದವರ ಮೆದುಳಿನಲ್ಲಿ ಹಿಪೊಕ್ಯಾಂಪಸ್ ಎಂಬ ಭಾಗ ಸುಮಾರು ಶೇ. 2ರಷ್ಟು ಬೆಳೆದಿತ್ತು. ನೆನಪು ಕೂರುವುದು ಈ ಭಾಗದ ನೆರವಿನಿಂದ. ಇನ್ನೊಂದು ಗುಂಪಿನಲ್ಲಿ ಅದು ಕುಗ್ಗಿತ್ತು. ಅವರು ನಿಮಗಿಂತ ಹಿರಿಯರು, ಅದೇ ಅಂಕಿ ನಿಮಗೂ ಅನ್ನಲಾಗದು. ಆದರೂ ನಡೆಯುವುದು ಓದಿಗೆ ಶತ್ರುವಲ್ಲ ಅನ್ನುವುದಕ್ಕೆ ಇಷ್ಟು ಸಾಕಲ್ವಾ?

ನನ್ನ ಅನುಭವವನ್ನೂ ಹೇಳುತ್ತೇನೆ. ನಮ್ಮ ಪತ್ರಿಕೆಯಲ್ಲಿ ಕರಡು ತಿದ್ದುವ ಕೆಲಸ ಬಹುಪಾಲು ಊಟದ ನಂತರ. ಕೆಲವು ವರ್ಷದ ಹಿಂದೆ ಬೀಜೋಪಚಾರದ, ಅಂದರೆ ಬಿತ್ತುವ ಮುಂಚೆ ಬೀಜಕ್ಕೆ ಔಷಧಿ ಹಚ್ಚುವ ಬಗೆಗಿನ, ಲೇಖನವೊಂದರಲ್ಲಿ 4 ಗ್ರಾಂ ಎಂದಿದ್ದದ್ದು 40 ಗ್ರಾಂ ಆಗಿ ಅಚ್ಚಾಯಿತು. ಮೂರು ಸಲ ಓದಿದ್ದೆ, ಕಣ್ಣಿಗೆ ಬಿದ್ದಿರಲಿಲ್ಲ. ರೈತರು ನಂಬಿ ಅಳೆದು ಹಾಕುವ ಅಂಕಿ ಅದು. ಮರುಸಂಚಿಕೆಯಲ್ಲಿ ತಿದ್ದುಪಡಿ ಹಾಕುವವರೆಗೆ ನಿದ್ದೆ ಬರಲಿಲ್ಲ. ಅಂದಿನಿಂದ ಊಟ ಆದ ಮೇಲೆ ಹದಿನೈದು ನಿಮಿಷ ನಡೆದು ಬಂದೇ ಕರಡು ಮುಟ್ಟುತ್ತೇನೆ, ಮಳೆ ಬಂದರೆ ಮೆಟ್ಟಿಲಲ್ಲೇ. ತಪ್ಪು ಪೂರ್ತಿ ನಿಂತಿಲ್ಲ. ಆದರೆ ಒಂದೇ ಪ್ಯಾರಾವನ್ನು ನಾಲ್ಕು ಸಲ ಓದಿದರೂ ತಲೆಗೆ ಹೋಗದ ಆ ಮಂಪರು ಈಗ ಇಲ್ಲ. ಊಟದ ನಂತರ ನಡೆದರೆ ರಕ್ತದ ಸಕ್ಕರೆಯನ್ನು ಕಾಲಿನ ಸ್ನಾಯುಗಳು ಬಳಸಿಕೊಳ್ಳುತ್ತವೆ, ಅದು ಒಮ್ಮೆಲೇ ಏರುವುದಿಲ್ಲ. ನಿಮ್ಮ ಕಣ್ಣು ಎಳೆಯುವುದಕ್ಕೂ ಇದನ್ನು ಮಾಡಿ ನೋಡಿ.

ಬೆಳಿಗ್ಗೆ ಮೊದಲು ಅರ್ಧ ಗಂಟೆ ಓದಿ, ಆಮೇಲೆ ನಡೆಯಿರಿ. ಓದಿದ್ದನ್ನು ಪುಸ್ತಕ ನೋಡದೆ ಮನಸ್ಸಿನಲ್ಲೇ ಒಪ್ಪಿಸುತ್ತ ಹೋಗಿ. ಲೆಕ್ಕ ಬಿಡಿಸುವುದನ್ನು ಮಾತ್ರ ಮೇಜಿಗೇ ಇಟ್ಟುಕೊಳ್ಳಿ. ಅಮೆರಿಕದ ಸ್ಟ್ಯಾನ್‌ಫೋರ್ಡ್ ವಿಶ್ವವಿದ್ಯಾಲಯದವರು 2014ರಲ್ಲಿ ತೋರಿಸಿದ್ದು ಹೀಗೆ: ನಡೆಯುವಾಗ ಹೊಸ ಯೋಚನೆಗಳು ಜಾಸ್ತಿ ಹೊಳೆಯುತ್ತವೆ, ಒಂದೇ ಉತ್ತರವಿರುವ ಪ್ರಶ್ನೆಗೆ ಅಷ್ಟು ನೆರವಾಗುವುದಿಲ್ಲ.

ವಾರಕ್ಕೆ ಕನಿಷ್ಠ 150 ನಿಮಿಷ ಉಸಿರು ಏರುವಂಥ ವ್ಯಾಯಾಮ ಬೇಕು ಅನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ದಿನಕ್ಕೆ ಅರ್ಧ ಗಂಟೆ, 5 ದಿನ. ಜೊತೆಗೆ 2 ದಿನ ಸ್ನಾಯುಗಳಿಗೆ ಬಲ ಕೊಡುವಂಥದ್ದು. ಕುರ್ಚಿಯಿಂದ ಕೈ ಊರದೆ ಹತ್ತು ಸಲ ಎದ್ದು ಕೂರುವುದರಿಂದ ಶುರು ಮಾಡಬಹುದು.

ಮನೆಗೆಲಸವೇ ವ್ಯಾಯಾಮ ಅಲ್ವಾ ಅಂತ ಯಾರಾದರೂ ಹೇಳಿದರೆ ಸುಮ್ಮನಿರಬೇಡಿ. ಕಸ ಗುಡಿಸುವುದು, ನೆಲ ಒರೆಸುವುದು ಲೆಕ್ಕಕ್ಕೆ ಬರುತ್ತದೆ, ನಿಜ. ಒಲೆ ಮುಂದೆ ನಿಲ್ಲುವುದರಿಂದ ಉಸಿರು ಏರುವುದಿಲ್ಲ. ಆ ಅರ್ಧ ಗಂಟೆ ಮಕ್ಕಳ ಟಿಫಿನ್ ಬಾಕ್ಸನ್ನು ಮನೆಯಲ್ಲಿ ಇನ್ನೊಬ್ಬರು ತುಂಬಲಿ. ಇದನ್ನು ನೀವು ಬಾಯಿಬಿಟ್ಟು ಕೇಳಬೇಕು. ಕೇಳದೆ ಸಿಗುವುದು ಕಷ್ಟ.

ಒಂದೇ ಎಚ್ಚರಿಕೆ. ಸೊಂಟದ ನೋವು ಕಾಲಿಗೆ ಇಳಿಯುತ್ತಿದ್ದರೆ, ಕಾಲು ಜೋಮು ಹಿಡಿಯುತ್ತಿದ್ದರೆ ಮೊದಲು ಡಾಕ್ಟರಿಗೆ ತೋರಿಸಿ. ಅದಿಲ್ಲ ಅಂದರೆ ಸೋಮವಾರಕ್ಕೆ ಕಾಯಬೇಡಿ, ನಾಳೆಯೇ ಹೊರಡಿ. ಪರೀಕ್ಷೆ ಯಾವಾಗ ಅಂತ ನೀವು ಬರೆದಿಲ್ಲ. ಮುಗಿದ ಮೇಲೆ ಒಂದು ಸಾಲು ಬರೆಯಿರಿ, ಕಾಯುತ್ತಿರುತ್ತೇನೆ.

– ಸಂಪಾದಕ